ಮೀನುಹಲ್ಲಿಯ ಪುಸ್ತಕಕ್ಕೆ ಒಂದು ನಮಸ್ಕಾರ

ಹೈಡೆಲ್‌ಬರ್ಗ್, ಬೆಳಗ್ಗೆ

ಎದ್ದವಳು ಮೊದಲು ಕಿಟಕಿಗಳನ್ನು ತೆರೆದೆ. ಈ ದೇಶದಲ್ಲಿ ಅದು ಮನಸ್ಸು ಬಂದಾಗ ಮಾಡುವ ಕೆಲಸವಲ್ಲ. ಹೊರಗೆ ಎಂಥ ಚಳಿಯೇ ಇರಲಿ, ಬೆಳಗ್ಗೆ ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆದು ರಾತ್ರಿಯ ಗಾಳಿಯನ್ನು ಆಚೆ ಕಳಿಸಬೇಕು. ಇಲ್ಲವಾದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮನೆಯ ಓನರ್ ಮುಖ ಗಂಟಿಕ್ಕುತ್ತಾರೆ. ಮೈಸೂರಿನಲ್ಲಿ ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತಿನಲ್ಲಿ ಇಲ್ಲಿ ಬೀದಿಯ ಎರಡೂ ಕಡೆ ಜನ ಕಿಟಕಿಗೆ ರಜಾಯಿ ನೇತುಹಾಕಿ, ಸ್ವೆಟರ್ ತೊಟ್ಟು ನಡುಗುತ್ತಾ ನಿಂತಿರುತ್ತಾರೆ. ಮೊದಲ ವಾರ ನನಗೆ ನಗು ಬರುತ್ತಿತ್ತು. ಆಮೇಲೆ ನಾನೂ ಚೆನ್ನಾಗಿ ನಡುಗಲು ಕಲಿತೆ.

ಫಿಲ್ಟರಿಗೆ ಬಿಸಿನೀರು ಹಾಕಿದೆ. ಹೀಟರಿನ ಮೇಲೆ ಟವೆಲ್ ಸುತ್ತಿಟ್ಟಿದ್ದ ಮೊಸರಿನ ಪಾತ್ರೆಯನ್ನು ಅಲುಗಿಸಿ ನೋಡಿದೆ, ಅಂತೂ ಹೆಪ್ಪುಗಟ್ಟಿತ್ತು. ಹಿಂದಿನ ದಿನದ ಕಸವನ್ನು ಬೇರೆ ಬೇರೆ ಮಾಡಿದೆ. ಟೀ ಬ್ಯಾಗನ್ನು ಹರಿದು ಸೊಪ್ಪು ಒಂದು ಡಬ್ಬಿಗೆ, ಅದರ ಕಾಗದದ ಚೀಟಿ ಇನ್ನೊಂದು ಡಬ್ಬಿಗೆ. ನಡುವೆ ಇರುವ ಪುಟ್ಟ ಪಿನ್ನು ಎಲ್ಲಿಗೆ ಎಂದು ಕೇಳಿದ್ದಕ್ಕೆ ಚಿತ್ರಾ ವಿಚಾರಿಸಿ ಹೇಳುತ್ತೇನೆ ಎಂದಿದ್ದಳು. ಇನ್ನೂ ಹೇಳಿಲ್ಲ.

ಚಿತ್ರಾ ನನ್ನ ತಂಗಿಯ ಮಗಳು. ಇಲ್ಲಿನ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ತಂಗಿಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ. ಏನು ತಿನ್ನುತ್ತಾಳೋ, ಹೇಗಿದ್ದಾಳೋ, ನೀನೇ ಹೋಗಿ ನೋಡಿಕೊಂಡು ಬಾ ಅಕ್ಕ ಎಂದು ನನ್ನನ್ನು ಕಳಿಸಿದ್ದಳು. ಬಂದು ನೋಡಿದೆ. ಬ್ರೆಡ್ಡು ತಿನ್ನುತ್ತಾಳೆ, ಚೆನ್ನಾಗಿಯೇ ಇದ್ದಾಳೆ.

ಆ ದಿನ ಅವಳ ಜೊತೆ ನಾನೂ ಹೊರಡುವುದಿತ್ತು. ಸ್ಟುಟ್‌ಗಾರ್ಟ್ ದಾಟಿ ಒಂದು ಚಿಕ್ಕ ಊರು, ಅಲ್ಲೊಂದು ಹಳೆಯ ಲೈಬ್ರರಿ. ಊರಿನ ಹೆಸರು ಬರೆಯಬೇಡ ಎಂದು ಚಿತ್ರಾ ಕೇಳಿಕೊಂಡಿದ್ದಾಳೆ. ಯಾಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ. ಸೀರೆ ಉಟ್ಟೆ, ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ, ಹಣೆಗೆ ಸ್ಟಿಕರ್. ಮನೆಯಲ್ಲಿ ನಾನು ಇಟ್ಟುಕೊಳ್ಳುವುದು ಕುಂಕುಮವನ್ನೇ. ಆದರೆ ಬಾಡಿಗೆ ಮನೆಯ ಬಿಳಿ ಗೋಡೆಗಳನ್ನು ನೆನೆದು ಚಿತ್ರಾ ನಾನು ಬಂದ ದಿನವೇ ಕುಂಕುಮದ ಭರಣಿಯನ್ನು ಬೀರುವಿನ ಮೇಲಕ್ಕೆ ಏರಿಸಿಬಿಟ್ಟಿದ್ದಳು. ಆದ್ದರಿಂದ ಇಲ್ಲಿರುವಷ್ಟು ದಿನ ಸ್ಟಿಕರ್: ಹೊಳಪಿಲ್ಲದ ಮೆರೂನ್ ಬಣ್ಣ, ಕಡಲೆಕಾಳಿನಗಲ.

ರೈಲಿನಲ್ಲಿ

ರೈಲು ತಡವಾಗಿ ಬಂತು. ಜರ್ಮನಿಯ ರೈಲೆಂದರೆ ಗಡಿಯಾರ ಎಂದು ನಮ್ಮ ಕಡೆ ಇನ್ನೂ ನಂಬಿದ್ದಾರೆ, ನಂಬಿಕೊಂಡಿರಲಿ. ನನಗೆ ವಿಚಿತ್ರವೆನಿಸಿದ್ದು ಜನರ ಕೋಪ. ನಮ್ಮಲ್ಲಾದರೆ ರೈಲು ತಡವಾದರೆ ಪಕ್ಕದವರ ಪರಿಚಯವಾಗುತ್ತದೆ, ಅವರ ಸೊಸೆಯ ಊರು ಯಾವುದೆಂದು ತಿಳಿಯುತ್ತದೆ. ಇಲ್ಲಿ ಎಲ್ಲರೂ ಒಂದೇ ಫಲಕವನ್ನು ನೋಡುತ್ತಾ, ಒಟ್ಟಿಗೆ ಒಮ್ಮೆ ಮೂಗಿನಲ್ಲಿ ಉಸಿರು ಬಿಟ್ಟು ಸುಮ್ಮನಾದರು.

ಕೂತ ಮೇಲೆ ಚಿತ್ರಾ ತನ್ನ ಕೆಲಸವನ್ನು ನನಗೆ ಮತ್ತೊಮ್ಮೆ ಬಿಡಿಸಿ ಹೇಳಿದಳು. ಈ ಸೀಮೆಯ ಗುಡ್ಡಗಳಲ್ಲಿ ಕಪ್ಪು ಹಲಗೆಕಲ್ಲು ಸಿಗುತ್ತದೆ. ಅದನ್ನು ಅಗೆಯುವಾಗ ಹಿಂದೆಯೇ ದೊಡ್ಡ ದೊಡ್ಡ ಮೂಳೆಗಳು ಸಿಕ್ಕುತ್ತಿದ್ದವು. ಒಂದು ಕಾಲಕ್ಕೆ ಇಲ್ಲೆಲ್ಲ ಸಮುದ್ರವಿತ್ತು. ಅದರಲ್ಲಿ ಈಜುತ್ತಿದ್ದ, ಮೀನಿನಂತೆ ಕಾಣುವ ಆದರೆ ಮೀನಲ್ಲದ, ಹಲ್ಲಿ ಮೊಸಳೆಗಳ ಕಡೆಯ ಸಂಬಂಧಿಕರಂಥ ಪ್ರಾಣಿಯ ಮೂಳೆಗಳು. ಇಕ್ತಿಯೋಸಾರ್ ಎಂದು ಹೆಸರು. ಗ್ರೀಕಿನಲ್ಲಿ ಹಾಗೆಂದರೆ ಮೀನುಹಲ್ಲಿ ಎಂದೇ ಅರ್ಥವಂತೆ. ನಾನು ಅಂದಿನಿಂದ ಮೀನುಹಲ್ಲಿ ಎಂದೇ ಕರೆಯುತ್ತಿದ್ದೇನೆ, ಬಾಯಿಗೆ ಹಗುರ.

ಚಿತ್ರಾ ಓದುತ್ತಿರುವುದು ಆ ಪ್ರಾಣಿಯನ್ನಲ್ಲ. ಅದರ ಬಗ್ಗೆ ಮೊದಮೊದಲು ಬರೆದವರು ಏನೇನು ತಪ್ಪು ತಿಳಿದುಕೊಂಡರು ಎಂಬುದನ್ನು. ಅದಕ್ಕೆ ಇಷ್ಟು ವರ್ಷ ಓದಬೇಕೇನೇ ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದೆ. ಒಬ್ಬರು ಮೊಸಳೆ ಅಂದರಂತೆ. ಇನ್ನೊಬ್ಬರು ಮೀನು ಅಂದರಂತೆ. ಅದಕ್ಕೂ ಮುಂಚೆ ಒಬ್ಬರು ಆ ಬೆನ್ನುಮೂಳೆಯ ಬಿಲ್ಲೆಗಳನ್ನು ಹಿಡಿದು, ಇವು ನೋಹನ ಕಾಲದ ಪ್ರಳಯದಲ್ಲಿ ಮುಳುಗಿ ಸತ್ತ ಪಾಪಿಗಳ ಮೂಳೆಗಳು ಅಂದರಂತೆ. ನೋಹನ ಕಥೆ ನನಗೆ ಚೆನ್ನಾಗಿ ಗೊತ್ತು. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ತರಗತಿಯಲ್ಲಿ ಆ ಹಡಗಿನ ಚಿತ್ರಕ್ಕೆ ಬಣ್ಣ ಹಚ್ಚಿ ಹಚ್ಚಿ ನನ್ನ ಕಂದು ಬಣ್ಣದ ಪೆನ್ಸಿಲ್ ಮುಗಿದಿತ್ತು. ಮುಳುಗಿದವರ ಬಗ್ಗೆ ಸಿಸ್ಟರ್ ಹೆಚ್ಚು ಹೇಳಿರಲಿಲ್ಲ.

ಈ ದಿನ ನೋಡಬೇಕಾದ ಪುಸ್ತಕ ಬರೆದವನು ಅದೇ ಊರಿನ ಒಬ್ಬ ಡಾಕ್ಟರು. ರೋಗಿಗಳು ಬಾರದ ಹೊತ್ತಿನಲ್ಲಿ ಮೂಳೆ ಜೋಡಿಸುತ್ತಿದ್ದನಂತೆ. ಅವನಿಗೆ ಸಿಕ್ಕ ಮೀನುಹಲ್ಲಿಯ ಬಾಲ ಕೆಳಕ್ಕೆ ಬಗ್ಗಿತ್ತು. ಸತ್ತ ಮೇಲೆ ಮುರಿದಿರಬೇಕು ಎಂದುಕೊಂಡು, ಪುಸ್ತಕದ ಚಿತ್ರದಲ್ಲಿ ಅದನ್ನು ನೆಟ್ಟಗೆ ಮಾಡಿ ಬರೆಸಿದ. ಆದರೆ ಆ ಪ್ರಾಣಿಯ ಬಾಲ ಇರುವುದೇ ಹಾಗೆ, ಬಗ್ಗಿಯೇ. ಆಗಿನವರು ಬಹಳ ಮಂದಿ ಹೀಗೆಯೇ ಅದರ ಬಾಲ ನೆಟ್ಟಗೆ ಮಾಡಿದ್ದರಂತೆ.

ಚಿತ್ರಾಳಿಗೆ ಬೇಕಾಗಿದ್ದು ಈ ಲೈಬ್ರರಿಯಲ್ಲಿರುವ ಪ್ರತಿಯೇ. ಇದರಲ್ಲಿ ಯಾರೋ ನೆಟ್ಟಗಿನ ಬಾಲದ ಪಕ್ಕದಲ್ಲಿ ಪೆನ್ಸಿಲಿನಿಂದ ಬಗ್ಗಿದ ಗೆರೆ ಎಳೆದು, "ಮುರಿದದ್ದಲ್ಲ" ಎಂದು ಜರ್ಮನ್‌ನಲ್ಲಿ ಬರೆದಿದ್ದಾರೆ. ಡಾಕ್ಟರೇ ಬರೆದನೋ, ಆಮೇಲಿನ ಓದುಗರೋ ತಿಳಿಯದು. ಡಾಕ್ಟರೇ ಆಗಿದ್ದರೆ ಅವನು ತನ್ನ ತಪ್ಪನ್ನು ತಾನೇ ಎಲ್ಲರಿಗಿಂತ ಮೊದಲು ಕಂಡುಕೊಂಡ ಹಾಗಾಯಿತು. ಅದರ ಫೋಟೋ ತೆಗೆಯಲು ಅನುಮತಿ ಸಿಕ್ಕರೆ ಅವಳ ಥೀಸಿಸ್ಸಿನ ಒಂದಿಡೀ ಅಧ್ಯಾಯ ನಿಲ್ಲುತ್ತದೆ. ಕೊಡುವುದು ಬಿಡುವುದು ಅಲ್ಲಿನ ಲೈಬ್ರೇರಿಯನ್ ಕೈಯಲ್ಲಿತ್ತು. ಎಷ್ಟೋ ಮೇಲ್ ಬರೆದ ಮೇಲೆ ಆಕೆ ಮೊದಲು ಬಂದು ನೋಡಿ ಎಂದು ಉತ್ತರಿಸಿದ್ದರು.

"ಅವರು ಮೊದಲು ನಮ್ಮನ್ನ ನೋಡ್ತಾರೆ ದೊಡ್ಡಮ್ಮ, ಆಮೇಲೆ ಪುಸ್ತಕ ತೋರಿಸ್ತಾರೆ," ಎಂದಳು ಚಿತ್ರಾ. "ನೀನು ದಯವಿಟ್ಟು ಏನನ್ನೂ ಒರೆಸಬೇಡ."

ನನಗೆ ಧೂಳು ಕಂಡರೆ ಸೆರಗಿನಲ್ಲಿ ಒರೆಸುವ ಅಭ್ಯಾಸವಿದೆ. ಒರೆಸುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಕೊನೆಯವರೆಗೂ ಉಳಿಸಿಕೊಂಡೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಲೈಬ್ರರಿ

ಲೈಬ್ರೇರಿಯನ್ ಹೆಸರು ಫ್ರೌ ಫೋಗ್ಟ್, ಇಲ್ಲಿ ಫ್ರೌ ಎಂದರೆ ಶ್ರೀಮತಿ. ಗಿಡ್ಡ ಕತ್ತರಿಸಿದ ನರೆಗೂದಲು, ಕೊರಳವರೆಗೂ ಗುಂಡಿ ಹಾಕಿದ ಬೂದು ಸ್ವೆಟರ್, ಹೆಜ್ಜೆಯ ಸದ್ದೇ ಇಲ್ಲದ ನಡಿಗೆ. ನನ್ನ ಸಿಸ್ಟರುಗಳೆಲ್ಲ ನೆನಪಾಗಿ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಗುಡ್ ಮಾರ್ನಿಂಗ್ ಎಂದಾಗ ಅದು ತರಗತಿಯಲ್ಲಿ ಎಲ್ಲರೂ ಎದ್ದು ನಿಂತು ಹೇಳುವ ರಾಗದಲ್ಲೇ ಬಂತು. ಆಕೆಗೆ ಅದು ಇಷ್ಟವಾದಂತಿತ್ತು.

ಚೀಲ, ಸ್ವೆಟರ್, ನೀರಿನ ಬಾಟಲಿ ಎಲ್ಲವೂ ಬೀಗದ ಕಪಾಟಿಗೆ ಹೋದವು. ಪೆನ್ನು ಕೂಡದು, ಪೆನ್ಸಿಲ್ ಮಾತ್ರ. ಸೋಪು ಹಾಕಿ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಮಡಿಯಲ್ಲಿ ಅಡುಗೆಮನೆಗೆ ಹೋಗುವಾಗ ನಮ್ಮತ್ತೆ ಹೇಳುತ್ತಿದ್ದುದಕ್ಕಿಂತ ಎರಡು ನಿಯಮ ಕಡಿಮೆಯೇ ಇದ್ದವು. ನನಗೆ ಫ್ರೌ ಫೋಗ್ಟ್ ಇಂಗ್ಲಿಷಿನಲ್ಲಿ ವಿಶೇಷವಾಗಿ ಹೇಳಿದ್ದು ಒಂದೇ ಮಾತು: ಪುಸ್ತಕವನ್ನು ಎತ್ತಬಾರದು.

ಪುಸ್ತಕವನ್ನು ಸ್ಪಂಜಿನ ದಿಂಬುಗಳ ಮೇಲೆ, ಬಾಣಂತಿಯನ್ನು ಮಲಗಿಸಿದ ಹಾಗೆ ಮಲಗಿಸಿದರು. ಚಿತ್ರದ ಹಾಳೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡಿತು. ನಿಜ ಹೇಳಬೇಕೆಂದರೆ ನಾನು ಅಷ್ಟು ಚೆನ್ನಾಗಿರುತ್ತದೆ ಎಂದುಕೊಂಡಿರಲಿಲ್ಲ. ಬಾಚಣಿಗೆಯಂಥ ಹಲ್ಲು. ಸಾರಿನ ಸೌಟಿನಷ್ಟು ಅಗಲದ ಕಣ್ಣು. ಈಜುವ ಕೈಗಳ ಮೂಳೆಗಳಂತೂ ಹಿತಕಿದ ಅವರೆಬೇಳೆಯನ್ನು ಒಂದೊಂದಾಗಿ ಹೊಂದಿಸಿಟ್ಟ ಹಾಗೆ. ಅದನ್ನು ಕೂತು ಬರೆದವರಿಗೆ ತಾಳ್ಮೆ ಎಷ್ಟಿರಬೇಕು. ಕೊನೆಯಲ್ಲಿ ಕೋಲಿನಂತೆ ನೆಟ್ಟಗೆ ಬಾಲ, ಅದರ ಪಕ್ಕದಲ್ಲಿ ಕೂದಲೆಳೆಯಂಥ ಪೆನ್ಸಿಲ್ ಗೆರೆ. ಚಿತ್ರಾ ಉಸಿರು ಹಿಡಿದು ಅದನ್ನೇ ನೋಡುತ್ತಿದ್ದಳು. ಅವಳು ಮಗುವಾಗಿದ್ದಾಗ ಇರುವೆ ಸಾಲನ್ನು ಹೀಗೇ ನೋಡುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಫ್ರೌ ಫೋಗ್ಟ್ ಪುಸ್ತಕ ಮುಚ್ಚಿ, ಅದನ್ನು ಇಡುವ ಪೆಟ್ಟಿಗೆ ತರಲು ಒಳಗೆ ಹೋದರು. ಚಿತ್ರಾ ಪೆನ್ಸಿಲುಗಳನ್ನು ಎತ್ತಿಡುತ್ತಿದ್ದಳು. ನಾನು ಏಳುವಾಗ, ಆಗಲೇ ಜಾರಿ ನೆಲಕ್ಕೆ ಬಿದ್ದಿದ್ದ ಒಂದು ಸ್ಪಂಜಿನ ದಿಂಬು ನನ್ನ ಕಾಲಿಗೆ ತಗಲಿತು.

ಆ ದಿಂಬು ಈವರೆಗೆ ಪುಸ್ತಕ ಹೊತ್ತಿದ್ದು. ಅದಕ್ಕೆ ಕಾಲು ತಗಲಿದರೆ ಪುಸ್ತಕಕ್ಕೇ ತಗಲಿದ ಹಾಗೆ. ಮುಂದಿನದನ್ನು ನಾನು ಯೋಚಿಸಿ ಮಾಡಲಿಲ್ಲ. ಇದನ್ನು ಓದುತ್ತಿರುವ ನೀವೂ ಯೋಚಿಸದೆ ಮಾಡುತ್ತಿದ್ದಿರಿ. ದಿಂಬನ್ನು ಎತ್ತಿ ಮೇಜಿನ ಮೇಲಿಟ್ಟೆ. ಪುಸ್ತಕವನ್ನು ಎತ್ತಬಾರದು ಎಂದಿದ್ದರಲ್ಲ, ಎತ್ತಲಿಲ್ಲ. ನಾನೇ ಬಗ್ಗಿ ಹಣೆಯನ್ನು ಅದಕ್ಕೆ ಮುಟ್ಟಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡೆ. ತಪ್ಪಾಯಿತು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ನಮ್ಮ ಕಾನ್ವೆಂಟಿನಲ್ಲಿ ಹೀಗೆ ಜ್ಯಾಮಿಟ್ರಿ ಬಾಕ್ಸಿಗೂ ನಮಸ್ಕಾರ ಮಾಡುತ್ತಿದ್ದ ನಮಗೆ ಆ ಅಭ್ಯಾಸ ಬಿಡಿಸಲು ಸಿಸ್ಟರುಗಳಿಗೇ ಆಗಿರಲಿಲ್ಲ.

ಸ್ಟೇಷನ್ನಿನ ಬೇಕರಿ

ಬೇಕರಿಯಲ್ಲಿ ಚಿತ್ರಾ ತನ್ನ ಬ್ರೆಟ್ಸೆಲ್ ಮುರಿದು ಅರ್ಧ ನನಗೆ ಕೊಟ್ಟಳು. ಕೋಡುಬಳೆಗೆ ಸಂಬಂಧಿಕ, ಆದರೆ ಖಾರವಿಲ್ಲದ ಸಂಬಂಧಿಕ. ನಾವು ಹೊರಡುವಾಗ ಫ್ರೌ ಫೋಗ್ಟ್ ಕೈಕುಲುಕಿದ್ದರು, ಅದು ಒಳ್ಳೆಯ ಲಕ್ಷಣ ಎಂದು ಅವಳು ಹೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ನನ್ನ ಮುಖ ನೋಡಿ ನಿಲ್ಲಿಸಿದಳು.

"ದೊಡ್ಡಮ್ಮ, ನಿನ್ನ ಸ್ಟಿಕರ್ ಎಲ್ಲಿ?"

ಹಣೆ ಮುಟ್ಟಿ ನೋಡಿಕೊಂಡೆ. ಖಾಲಿ. ಸೆರಗು ಕೊಡವಿದೆ, ಕಾಫಿ ಲೋಟದೊಳಗೆ ನೋಡಿದೆ. ಆಮೇಲೆ ಎಲ್ಲಿರಬಹುದೆಂದು ಹೊಳೆಯಿತು. ನಡೆದದ್ದನ್ನು ಹೇಳಿದೆ. ಚಿತ್ರಾ ಬ್ರೆಟ್ಸೆಲನ್ನು ತಟ್ಟೆಯಲ್ಲಿಟ್ಟಳು.

"ಅದು ಅಂಟು, ದೊಡ್ಡಮ್ಮ. ಹಳೇ ಪುಸ್ತಕಕ್ಕೆ ಅಂಟು ಅಂದ್ರೆ ಇವರಿಗೆ ಬೆಂಕಿ ಇದ್ದ ಹಾಗೆ."

ಅಷ್ಟರಲ್ಲಿ ಅವಳ ಫೋನಿಗೆ ಮೇಲ್ ಬಂತು. ಫ್ರೌ ಫೋಗ್ಟ್ ಬರೆದಿದ್ದರು: ಇನ್ನೂ ಊರಿನಲ್ಲಿದ್ದರೆ ಮುಚ್ಚುವುದರೊಳಗೆ ದಯವಿಟ್ಟು ಮರಳಿ ಬನ್ನಿ, ಪುಸ್ತಕದ ಮೇಲೆ ಒಂದು ವಸ್ತು ಕಂಡಿದೆ.

ಖಾಲಿ ಹಣೆಯಲ್ಲಿ ಬೈಸಿಕೊಳ್ಳುವುದು ಬೇಡ ಎಂದು ಹೊಸ ಸ್ಟಿಕರ್ ತೆಗೆದು ಇಟ್ಟುಕೊಂಡೆ. ಈಗ ಯೋಚಿಸಿದರೆ ಅದಕ್ಕಿಂತ ದಡ್ಡ ಕೆಲಸ ಇನ್ನೊಂದಿಲ್ಲ. ದಾರಿಯುದ್ದಕ್ಕೂ ನಾನು ಇಂಗ್ಲಿಷಿನಲ್ಲಿ ಕ್ಷಮಾಪಣೆ ಜೋಡಿಸುತ್ತಾ ಹೋದೆ. ಅದು ನಾಲ್ಕು ಬಾರಿಯೂ ರಜಾ ಅರ್ಜಿಯಂತೆಯೇ ಆಯಿತು.

ಮತ್ತೆ ಲೈಬ್ರರಿ

ಫ್ರೌ ಫೋಗ್ಟ್ ಬಾಗಿಲಲ್ಲೇ ಕಾದಿದ್ದರು. ಕೋಪವಿರಲಿಲ್ಲ. ಕೆನ್ನೆ ಕೆಂಪಾಗಿತ್ತು, ಸ್ವೆಟರಿನ ಮೇಲಿನ ಗುಂಡಿ ಬಿಚ್ಚಿತ್ತು. ಚೀಲಗಳನ್ನು ಕಪಾಟಿಗೆ ಹಾಕಿಸಿ, ನಮ್ಮನ್ನು ಬೇಗ ಬೇಗ ಮೇಜಿನ ಹತ್ತಿರ ಕರೆದುಕೊಂಡು ಹೋಗಿ ಭೂತಗನ್ನಡಿ ಕೊಟ್ಟರು. ಪುಸ್ತಕದ ಹಳೆಯ ರಟ್ಟಿನ ಮೇಲೆ, ನಟ್ಟ ನಡುವೆ, ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಕೊಂಡ ನನ್ನ ಸ್ಟಿಕರ್ ಮಹಾರಾಣಿಯ ಹಾಗೆ ಕುಳಿತಿತ್ತು.

ಸಂತೋಷಕ್ಕೆ ಆಕೆಗೆ ಇಂಗ್ಲಿಷ್ ಮರೆತೇಹೋಗಿತ್ತು. ಜರ್ಮನ್‌ನಲ್ಲಿ ಹೇಳುತ್ತಾ ಹೋದರು, ಚಿತ್ರಾ ನನಗೆ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಲಕೋಟೆಗಳಿಲ್ಲದ ಕಾಲದಲ್ಲಿ ಕಾಗದ ಬರೆದು ಮಡಿಚಿ, ಹಿಟ್ಟು ಬಣ್ಣ ಕಲಸಿ ಮಾಡಿದ ಒಂದು ತೆಳ್ಳಗಿನ ಕೆಂಪು ಬಿಲ್ಲೆಯನ್ನು ಒದ್ದೆ ಮಾಡಿ ಅಂಟಿಸುತ್ತಿದ್ದರಂತೆ. ಸರಿಯಾಗಿ ಇಷ್ಟೇ ಅಗಲ, ಇದೇ ಬಣ್ಣ. ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ಪುಸ್ತಕ ಬಂದದ್ದು ಡಾಕ್ಟರ ಮನೆಯವರಿಂದ. ಹಾಗಾದರೆ ಡಾಕ್ಟರು ಇದರ ಜೊತೆಗೆ ಒಂದು ಕಾಗದ ಇಟ್ಟಿದ್ದಿರಬೇಕು. ಕೆಳಗಿನ ಕೋಣೆಯಲ್ಲಿ ಇನ್ನೂ ಬಿಚ್ಚದ ಪೆಟ್ಟಿಗೆಗಳಿವೆ. ಕಾಗದ ಸಿಕ್ಕಿದರೆ ಆ ಪೆನ್ಸಿಲ್ ಅಕ್ಷರ ಯಾರದೆಂದು ಗೊತ್ತಾಗಿಯೇಹೋಗುತ್ತದೆ. ನಾಳೆ ಪುಸ್ತಕ ರಿಪೇರಿಯವರು ಬರುವವರೆಗೂ ಆ ಬಿಲ್ಲೆಯನ್ನು ಮುಟ್ಟುವುದಿಲ್ಲ ಎಂದರು. ಫೋಟೋಗೆ ಅನುಮತಿ ಈಗಲೇ ಬರೆದುಕೊಡುತ್ತೇನೆ, ಪೆಟ್ಟಿಗೆಗಳನ್ನು ನೀವೇ ಬಂದು ಹುಡುಕಿ ಎಂದರು. ಪಕ್ಕದ ಚೀಟಿಯಲ್ಲಿ ಆಗಲೇ ಬಿಲ್ಲೆಯ ಬಗ್ಗೆ ಪೆನ್ಸಿಲಿನಿಂದ ಮೂರು ಸಾಲು ಬರೆದಿಟ್ಟಿದ್ದರು.

ಚಿತ್ರಾ ಮುಖದ ನಗುವನ್ನು ಹಾಗೇ ಇಟ್ಟುಕೊಂಡು ಫ್ರೌ ಫೋಗ್ಟರನ್ನೇ ನೋಡುತ್ತಾ ನನ್ನ ಜೊತೆ ಮಾತಾಡಿದಳು.

"ಇವರಿಗೆ ಕನ್ನಡ ಬರಲ್ಲ. ಬೇಗ ಹೇಳು, ಏನ್ ಮಾಡೋಣ?"

"ಸುಮ್ಮನಿದ್ದರೆ?"

"ಎಲ್ಲಾ ಸಿಗುತ್ತೆ. ನಾಳೆ ಬರೋರು ನೋಡೋ ತನಕ."

"ಹೇಳಿದರೆ?"

"ಏನೂ ಸಿಗಲ್ಲ. ನನ್ನನ್ನ ಇನ್ನು ಒಳಗೂ ಬಿಡಲ್ಲ."

ನಾನೂ ಫ್ರೌ ಫೋಗ್ಟರ ಮುಖ ನೋಡಿದೆ. ಅಷ್ಟು ಸಂತೋಷ ಆ ಮುಖಕ್ಕೆ ಅಪರೂಪವಾಗಿ ಬರುವಂಥದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಅದನ್ನು ಕಿತ್ತುಕೊಳ್ಳುವುದು ನನಗೂ ಸುಲಭವಾಗಿರಲಿಲ್ಲ. ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ, ಇಲ್ಲದ ಕಾಗದ ಹುಡುಕುತ್ತಾ ಕೂರುವ ಆಕೆಯನ್ನು ನೆನೆದೆ.

"ನೋಡು ಪುಟ್ಟಿ, ಆಮೇಲೆ ನಿನ್ನ ಡಾಕ್ಟರಿಗೂ ನಮಗೂ ಏನು ವ್ಯತ್ಯಾಸ? ಅವನೂ ಬಾಲ ತನಗೆ ಬೇಕಾದ ಹಾಗೆ ನೆಟ್ಟಗೆ ಮಾಡಿಕೊಂಡ."

"ನಿನಗೆ ಅದನ್ನೆಲ್ಲ ಹೇಳಿಕೊಟ್ಟಿದ್ದೇ ನನ್ನ ತಪ್ಪು," ಎಂದಳು ಚಿತ್ರಾ. ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಜರ್ಮನ್‌ನಲ್ಲಿ ಶುರುಮಾಡಿದಳು.

ಅವಳು ಹೇಳುತ್ತಿದ್ದ ಹಾಗೆ ನಾನು ಕಪಾಟಿನಿಂದ ಚೀಲ ತಂದು ಸ್ಟಿಕರ್ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟೆ. ಸಾಲು ಸಾಲಾಗಿ ಕೆಂಪು ಬಿಲ್ಲೆಗಳು. ಫ್ರೌ ಫೋಗ್ಟ್ ಚೀಟಿ ನೋಡಿದರು, ಪುಸ್ತಕ ನೋಡಿದರು. ಮತ್ತೆ ಭೂತಗನ್ನಡಿ ತೆಗೆದುಕೊಂಡು ನನ್ನ ಹತ್ತಿರ ಬಂದು, ನನ್ನ ಹಣೆಯನ್ನು ಪರೀಕ್ಷಿಸಿದರು. ಕನ್ನಡಿಯ ಆ ಕಡೆ ಅವರ ಕಣ್ಣು ಆ ಮೀನುಹಲ್ಲಿಯ ಕಣ್ಣಿನಷ್ಟೇ ದೊಡ್ಡದಾಗಿ ಕಾಣುತ್ತಿತ್ತು.

ಯಾಕೆ ಹಾಗೆ ಮಾಡಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕಾಲು ತಗಲಿದ್ದಕ್ಕೆ ಪುಸ್ತಕದ ಕ್ಷಮೆ ಕೇಳಿದೆ ಎಂದೆ. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ. ಅವರು ಕತ್ತಿಯಂಥ ಒಂದು ತೆಳ್ಳಗಿನ ಮೂಳೆಯ ಪಟ್ಟಿ ತಂದು, ಸ್ಟಿಕರಿನ ಅಂಚಿಗೆ ತೂರಿಸಿ, ಮೊಸರಿನ ಮೇಲಿನ ಕೆನೆ ತೆಗೆಯುವಷ್ಟು ಮೆಲ್ಲಗೆ ಎತ್ತಿದರು. ಬೆಳಗಿನಿಂದ ನನ್ನ ಹಣೆಯ ಬೆವರು ಕುಡಿದು ಅದರ ಅಂಟು ಮುಕ್ಕಾಲು ಸತ್ತಿತ್ತು. ಸಲೀಸಾಗಿ ಬಂತು. ಕೆಳಗೆ ಗುರುತು ಉಳಿಯಲಿಲ್ಲ. ದೀಪ ಓರೆ ಮಾಡಿ ಎರಡು ಸಲ ನೋಡಿದರು.

ಚೀಟಿಯ ಮೇಲಿನ ಮೂರು ಸಾಲುಗಳನ್ನು ಅವರು ಅಳಿಸಲಿಲ್ಲ. ಅಡ್ಡ ಒಂದು ಗೆರೆ ಎಳೆದು ಕೆಳಗೆ ಹೊಸದಾಗಿ ಬರೆದರು. ಬರೆಯುತ್ತಾ ಬರೆಯುತ್ತಾ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೇನೋ ಎಂದು ನನಗೆ ಹೆದರಿಕೆಯಾಯಿತು. ನಗುತ್ತಿದ್ದರು, ಸದ್ದಿಲ್ಲದೆ, ಅವರ ನಡಿಗೆಯ ಹಾಗೆಯೇ.

ಗುರುವಾರ ಬನ್ನಿ, ಫೋಟೋ ತೆಗೆಯಿರಿ ಎಂದು ಚಿತ್ರಾಳಿಗೆ ಹೇಳಿದರು. ಹೇಳದೇ ಹೋಗಬಹುದಾಗಿದ್ದರೂ ಹೇಳಿದವರ ಕೈಗೆ ಪುಸ್ತಕ ಕೊಡಲು ತಮಗೆ ಹೆದರಿಕೆಯಿಲ್ಲ ಎಂದರು. ದೊಡ್ಡಮ್ಮನೂ ಬರಬಹುದು, ನಮಸ್ಕಾರ ಮಾತ್ರ ಬಾಗಿಲಿನಿಂದ. ಹೊರಡುವಾಗ ಸ್ವಲ್ಪ ಸಂಕೋಚದಿಂದ ನನ್ನ ಸ್ಟಿಕರ್ ಚೀಟಿಯೊಂದನ್ನು ಕೇಳಿ ಇಟ್ಟುಕೊಂಡರು. ಮುಂದೆ ಯಾವ ಪುಸ್ತಕದ ಮೇಲಾದರೂ ಇಂಥದ್ದು ಸಿಕ್ಕರೆ ಹೋಲಿಸಿ ನೋಡಬೇಕಲ್ಲ ಎಂದರು. ಅದನ್ನು ಪಾರದರ್ಶಕ ಲಕೋಟೆಗೆ ಹಾಕಿ, ಮೇಲೆ ನನ್ನ ಹೆಸರು, ಮೈಸೂರು ಎಂದು ಬರೆದರು. ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದರು. ಮೀನುಹಲ್ಲಿಗೂ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಹೈಡೆಲ್‌ಬರ್ಗ್, ಸಂಜೆ

ಹಿಂದಿರುಗುವ ರೈಲಿನಲ್ಲಿ ಚಿತ್ರಾ ಅವಳಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದಳು. ನಗುವಿನ ನಡುವೆ ಒಮ್ಮೊಮ್ಮೆ ಅಳುವೂ ಬರುತ್ತಿತ್ತು ಅವಳಿಗೆ, ಬೆಳಗಿನಿಂದ ಅಷ್ಟು ಬಿಗಿ ಹಿಡಿದಿದ್ದಳು. ತಂಗಿ ನನ್ನನ್ನು ಬೈಯಲು ಫೋನು ಕೇಳಿದಳು. ಸುರಂಗ ಬಂತು ಎಂದು ಹೇಳಿ ನಾನು ಕೊಡಲಿಲ್ಲ.

ಮನೆ ತಲುಪಿದಾಗ ಲಿಫ್ಟಿನ ಮುಂದೆ ಮೇಲಿನ ಮನೆಯ ಫ್ರೌ ಲಾಂಗ್ ತರಕಾರಿ ಚೀಲ ಹಿಡಿದು ನಿಂತಿದ್ದರು. ಗಂಡ ತೀರಿಹೋದ ಮೇಲೆ ಒಬ್ಬರೇ ಇರುವ ವಯಸ್ಸಾದ ಹೆಂಗಸು. ಎಲ್ಲರೂ ಒಳಗೆ ಹೋದೆವು. ಅವರು ತಮ್ಮ ಮಹಡಿಯ ಗುಂಡಿ ಒತ್ತಿದರು. ಆಮೇಲೆ ಗುಂಡಿಗಳ ಸಾಲಿನ ಕೆಳಗೆ ಇನ್ನೊಂದು ಪುಟ್ಟ ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರು. ಹೊಳಪಿಲ್ಲದ ಮೆರೂನ್ ಬಣ್ಣ, ಕಡಲೆಕಾಳಿನಗಲ. ಹಿಂದೆ ಒಂದು ದಿನ ಇದೇ ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡು ಹೊಸ ಸ್ಟಿಕರ್ ಇಟ್ಟುಕೊಂಡಾಗ ಹಳೆಯದನ್ನು ಎಲ್ಲಿಗೆ ಅಂಟಿಸಿದ್ದೆನೆಂದು ಆಗ ನೆನಪಾಯಿತು.

ಚಿತ್ರಾ ನನ್ನ ಕಡೆ ತಿರುಗಲಿಲ್ಲ. ಆ ದಿನ ಅವಳಿಗೆ ನಿಜ ಹೇಳುವ ಅಭ್ಯಾಸ ಹತ್ತಿಬಿಟ್ಟಿತ್ತೋ ಏನೋ, ಅದು ಗುಂಡಿಯಲ್ಲ, ನಮ್ಮ ದೊಡ್ಡಮ್ಮನ ಹಣೆಯದು ಎಂದು ಫ್ರೌ ಲಾಂಗ್‌ಗೆ ಹೇಳಿದಳು.

ಫ್ರೌ ಲಾಂಗ್ ನನ್ನ ಹಣೆಯನ್ನೂ ಅದನ್ನೂ ಒಮ್ಮೆ ನೋಡಿ, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಹೌದಾ," ಎಂದರು. "ಅದು ಬಂದಾಗಿನಿಂದ ಬಾಗಿಲು ಬೇಗ ಮುಚ್ಚುತ್ತಾ ಇದೆ."